ಮೊದಲು ಹೊಳೆದ ಕಾರಣವೇ ನಿಜವಾಗಬೇಕಿಲ್ಲ: ಕುಲಪತಿ ಕುರ್ಚಿ ಬಿಟ್ಟ ಭೂವಿಜ್ಞಾನಿ ಕಲಿಸಿದ ಪಾಠ

ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬರುತ್ತದೆ. ಕೆರೆಯ ತುಂಬ ಸತ್ತ ಮೀನು ತೇಲುತ್ತಿವೆ. ಕೆಳಗೆ ಒಂದು ಸಾಲು: ಪಕ್ಕದಲ್ಲಿ ಹಾಕಿದ ಮೊಬೈಲ್ ಟವರೇ ಇದಕ್ಕೆ ಕಾರಣ, ಎಲ್ಲರಿಗೂ ಕಳುಹಿಸಿ. ನಾವು ಫೋಟೊ ನೋಡುತ್ತೇವೆ, ಸಾಲು ಓದುತ್ತೇವೆ, ಹೌದಲ್ಲ ಎನಿಸುತ್ತದೆ. ಬೆರಳು ತಾನಾಗಿಯೇ ಫಾರ್ವರ್ಡ್ ಗುಂಡಿಯತ್ತ ಹೋಗುತ್ತದೆ.

ಸ್ವಲ್ಪ ನಿಂತು ಯೋಚಿಸಿ. ಕೆರೆಯ ಮೀನು ಸಾಯಲು ಇನ್ನೂ ಹಲವು ಕಾರಣಗಳಿವೆ. ಚರಂಡಿ ನೀರು ಸೇರಿರಬಹುದು. ಪಾಚಿ ಅತಿಯಾಗಿ ಬೆಳೆದು ಕೊಳೆತು ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದಿರಬಹುದು. ಬೇಸಿಗೆಯಲ್ಲಿ ನೀರು ಕಾದಿರಬಹುದು. ಯಾರೋ ವಿಷ ಹಾಕಿರಬಹುದು. ಎರಡು ಮೂರು ಕಾರಣಗಳು ಒಟ್ಟಿಗೆ ಸೇರಿರಲೂಬಹುದು. ಆದರೆ ಟವರಿನ ಮಾತು ಮೊದಲು ತಲೆಗೆ ಬಂದು ಕೂತಿತು. ಆಮೇಲೆ ಉಳಿದ ಯಾವ ಕಾರಣಕ್ಕೂ ಅಲ್ಲಿ ಜಾಗ ಸಿಗಲಿಲ್ಲ.

ಈ ಕಾಯಿಲೆ ಮೊಬೈಲಿನಿಂದ ಬಂದದ್ದಲ್ಲ. 1890ರಲ್ಲೇ ಒಬ್ಬ ಭೂವಿಜ್ಞಾನಿ ಇದನ್ನು ಗುರುತಿಸಿ ಮದ್ದು ಬರೆದುಕೊಟ್ಟಿದ್ದರು. ಅದೂ ಜನಸಾಮಾನ್ಯರಿಗಲ್ಲ, ತಮ್ಮ ಜೊತೆಯ ವಿಜ್ಞಾನಿಗಳಿಗೆ! ಅವರ ಹೆಸರು ಥಾಮಸ್ ಕ್ರೌಡರ್ ಚೇಂಬರ್ಲಿನ್. ಎರಡನೇ ಮಹಾಯುದ್ಧದ ಹೊತ್ತಿನ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಬೇರೆ, ಇವರು ಬೇರೆ. ಇವರು ಅಮೆರಿಕದವರು, ಹಿಮಯುಗಗಳ ಅಧ್ಯಯನದಲ್ಲಿ ದೊಡ್ಡ ಹೆಸರು, ಒಂದು ವಿಶ್ವವಿದ್ಯಾಲಯವನ್ನು ಐದು ವರ್ಷ ನಡೆಸಿದವರು. ಬನ್ನಿ, ಅವರ ಬದುಕನ್ನೂ ಆ ಮದ್ದನ್ನೂ ನೋಡೋಣ. ಆ ಮದ್ದು ಕೊಟ್ಟ ವೈದ್ಯರಿಗೇ ಕೊನೆಗೆ ಕಾಯಿಲೆ ತಗುಲಿತೇ ಎಂಬುದನ್ನೂ ನೋಡೋಣ.

ಹಿಮ ಬಿಟ್ಟುಹೋದ ದಿಬ್ಬದ ಮೇಲೆ ಹುಟ್ಟು

ಚೇಂಬರ್ಲಿನ್ ಹುಟ್ಟಿದ್ದು 1843ರ ಸೆಪ್ಟೆಂಬರ್ 25ರಂದು, ಇಲಿನಾಯ್ ರಾಜ್ಯದ ಮಟೂನ್ ಎಂಬಲ್ಲಿ. ಆ ಊರು ಇರುವ ದಿಬ್ಬ ಬಹಳ ಹಿಂದೆ ಹಿಮನದಿಯೊಂದು ತಳ್ಳಿಕೊಂಡು ಬಂದು ಬಿಟ್ಟುಹೋದ ಮಣ್ಣು ಕಲ್ಲಿನ ರಾಶಿ. ಮುಂದೆ ಇಂಥ ರಾಶಿಗಳನ್ನು ಓದುವುದೇ ಅವರ ಕೆಲಸವಾಯಿತು. ತಂದೆ ಬೇಸಾಯಗಾರ, ಜೊತೆಗೆ ಮೆಥಡಿಸ್ಟ್ ಪಂಥದ ಬೋಧಕ. ಮಗು ಮೂರು ವರ್ಷದ್ದಿರುವಾಗ ಕುಟುಂಬ ಉತ್ತರಕ್ಕೆ, ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಬಳಿಗೆ ಹೋಗಿ ನೆಲೆಸಿತು.

1866ರಲ್ಲಿ ಬೆಲಾಯ್ಟ್ ಕಾಲೇಜಿನಿಂದ ಪದವಿ ಪಡೆದು, ಹತ್ತಿರದ ಡೆಲವನ್ ಊರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮಕ್ಕಳಿಗೆ ವಿಜ್ಞಾನ ಕಲಿಸಬೇಕು ಎಂದು ಹೊರಟಾಗ ತಮಗೇ ಸಾಕಷ್ಟು ವಿಜ್ಞಾನ ಗೊತ್ತಿಲ್ಲ ಎನ್ನುವುದು ಅರಿವಾಯಿತು. ಕೆಲಸ ಬಿಟ್ಟು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಒಂದು ವರ್ಷ ಮತ್ತೆ ವಿದ್ಯಾರ್ಥಿಯಾದರು. ಆಮೇಲೆ ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ, 1873ರಿಂದ ತಾವು ಓದಿದ ಬೆಲಾಯ್ಟ್ ಕಾಲೇಜಿನಲ್ಲೇ ಅಧ್ಯಾಪಕ ವೃತ್ತಿ.

ಅದೇ 1873ರಲ್ಲಿ ವಿಸ್ಕಾನ್ಸಿನ್ ಸರ್ಕಾರ ತನ್ನ ರಾಜ್ಯದ ನೆಲ, ಕಲ್ಲು, ಖನಿಜ, ನೀರು ಎಲ್ಲದರ ಸಮೀಕ್ಷೆ ಶುರುಮಾಡಿತು. ಚೇಂಬರ್ಲಿನ್ ಅದಕ್ಕೆ ಸೇರಿದರು. ಅವರ ಪಾಲಿಗೆ ಬಂದದ್ದು ರಾಜ್ಯದ ಆಗ್ನೇಯ ಭಾಗ. ಅಲ್ಲಿ ಗಟ್ಟಿ ಬಂಡೆ ಕಣ್ಣಿಗೆ ಬೀಳುವುದೇ ಕಡಿಮೆ, ಎಲ್ಲೆಲ್ಲೂ ಸಡಿಲ ಮಣ್ಣು, ಜಲ್ಲಿ, ಗುಂಡುಕಲ್ಲು. ಬಂಡೆ ಹುಡುಕುವವರಿಗೆ ಅದು ಬೇಸರದ ಸೀಮೆ. ಚೇಂಬರ್ಲಿನ್ ಆ ಮಣ್ಣನ್ನೇ ಓದತೊಡಗಿದರು.

ಜೆಸಿಬಿಯಂತೆ ಕೆಲಸ ಮಾಡಿದ ಹಿಮ

ಜೆಸಿಬಿ ಮಣ್ಣು ತಳ್ಳುತ್ತಾ ಹೋಗಿ ನಿಂತರೆ ಅದರ ಮುಂದೆ ಒಂದು ಗುಡ್ಡೆ ಉಳಿಯುತ್ತದೆ, ನೋಡಿದ್ದೀರಲ್ಲ? ಹಿಮನದಿಯೂ ಸುಮಾರಾಗಿ ಹಾಗೆಯೇ. ಅದು ನಿಧಾನವಾಗಿ ಜಾರುವಾಗ ಕಲ್ಲು ಮಣ್ಣನ್ನು ತಳ್ಳುತ್ತದೆ, ಒಳಗೆ ಹುದುಗಿಸಿಕೊಂಡೂ ತರುತ್ತದೆ. ಅಂಚು ಕರಗುವಲ್ಲಿ ಹೊತ್ತು ತಂದದ್ದನ್ನೆಲ್ಲ ಬಿಡುತ್ತದೆ. ಹೀಗೆ ಆದ ಉದ್ದನೆಯ ದಿಬ್ಬದ ಸಾಲಿಗೆ ಮೊರೈನ್ ಎಂದು ಹೆಸರು. ರಾಶಿಯೊಳಗೆ ಹೂತುಹೋದ ಹಿಮದ ಗಡ್ಡೆ ಆಮೇಲೆ ಕರಗಿದರೆ ಅಲ್ಲಿ ಬೋಗುಣಿಯಂಥ ಗುಂಡಿ ಉಳಿಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ಇಂಥ ದಿಬ್ಬ ಗುಂಡಿಗಳ ದೊಡ್ಡ ಸಾಲೇ ಇದೆ. ಅದು ಹಿಮದ ಹೊದಿಕೆಯ ಅಂಚು ನಿಂತ ಜಾಗ ಎಂದು ಚೇಂಬರ್ಲಿನ್ ತೋರಿಸಿದರು. ಮುಂದೆ ಆ ಅಂಚನ್ನು ಬೇರೆ ರಾಜ್ಯಗಳಲ್ಲೂ ಹಿಂಬಾಲಿಸಿದರು.

ಇನ್ನೂ ಒಂದು ವಿಷಯ ಅವರ ಗಮನಕ್ಕೆ ಬಂತು. ಹಿಮ ಹಾಸಿದ ಮಣ್ಣಿನ ಪದರಗಳು ಒಂದೇ ಕಾಲದವಲ್ಲ. ಕೆಲವು ಹಳತಾಗಿ ಸವೆದಿವೆ, ಕೆಲವು ಹೊಸತಾಗಿವೆ. ಎರಡು ಪದರಗಳ ನಡುವೆ ಗಿಡಮರ ಬೆಳೆದ ಗುರುತೂ ಸಿಗುತ್ತದೆ. ಅಂದರೆ ಹಿಮ ಒಂದೇ ಸಲ ಬಂದು ಹೋಗಲಿಲ್ಲ. ಬಂತು, ಹಿಂದೆ ಸರಿಯಿತು, ನೆಲ ಹಸಿರಾಯಿತು, ಮತ್ತೆ ಬಂತು. ಒಂದೇ ಹಿಮಯುಗ ಎಂದು ಹಲವರು ನಂಬಿದ್ದ ಕಾಲದಲ್ಲಿ ಈ ಮಾತು ಸ್ಥಾಪಿಸಲು ಬಹಳ ಸಾಕ್ಷ್ಯ ಬೇಕಾಯಿತು. ಉತ್ತರ ಅಮೆರಿಕದ ಕೊನೆಯ ಹಿಮ ಹಂತವನ್ನು ಇಂದಿಗೂ ವಿಸ್ಕಾನ್ಸಿನ್ ಹೆಸರಿನಿಂದಲೇ ಕರೆಯುತ್ತಾರೆ. ಆ ಹೆಸರಿಟ್ಟವರು ಚೇಂಬರ್ಲಿನ್.

1876ರಲ್ಲಿ ಅವರು ರಾಜ್ಯ ಸಮೀಕ್ಷೆಯ ಮುಖ್ಯಸ್ಥರಾದರು. 1877ರಿಂದ 1883ರ ನಡುವೆ ಸಮೀಕ್ಷೆಯ ವರದಿ ನಾಲ್ಕು ದಪ್ಪ ಸಂಪುಟಗಳಲ್ಲಿ ಹೊರಬಂತು. 1881ರಲ್ಲಿ ಅಮೆರಿಕದ ರಾಷ್ಟ್ರೀಯ ಭೂವಿಜ್ಞಾನ ಸಮೀಕ್ಷೆ ತನ್ನ ಹಿಮನದಿ ವಿಭಾಗವನ್ನು ಅವರ ಕೈಗೆ ಕೊಟ್ಟಿತು.

ಆ ಸಂಸ್ಥೆಗಾಗಿ 1885ರಲ್ಲಿ ಅವರು ಬರೆದ ಒಂದು ವರದಿ ನೀರಿಗೆ ಸಂಬಂಧಿಸಿದ್ದು. ಕೆಲವು ಕಡೆ ಕೊರೆದ ಬಾವಿಯಿಂದ ಪಂಪ್ ಇಲ್ಲದೆಯೇ ನೀರು ತಾನಾಗಿ ಚಿಮ್ಮುತ್ತದೆ. ಇದಕ್ಕೆ ಆರ್ಟೀಸಿಯನ್ ಬಾವಿ ಎನ್ನುತ್ತಾರೆ. ಕೋಲು ಹಿಡಿದು ನೀರು ತೋರಿಸುವವರು ಆ ದೇಶದಲ್ಲೂ ಇದ್ದರು. ಚೇಂಬರ್ಲಿನ್ ಮಾತ್ರ ಬೇಕಾದ ಷರತ್ತುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ನೀರು ಹಾಯುವ ಒಂದು ಪದರ ಬೇಕು. ಅದರ ಮೇಲೂ ಕೆಳಗೂ ನೀರು ಬಿಡದ ಪದರ ಬೇಕು. ಪದರ ಓರೆಯಾಗಿರಬೇಕು, ಎತ್ತರದ ಜಾಗದಲ್ಲಿ ನೆಲದ ಮೇಲೆ ತೆರೆದುಕೊಂಡಿರಬೇಕು, ಅಲ್ಲಿ ಸಾಕಷ್ಟು ಮಳೆ ಬೀಳಬೇಕು. ಬಾವಿಗಿಂತ ತಗ್ಗಿನಲ್ಲಿ ನೀರು ಸೋರಿಹೋಗಲು ದಾರಿ ಇರಬಾರದು. ಇಷ್ಟರಲ್ಲಿ ಒಂದು ತಪ್ಪಿದರೂ ನೀರು ಚಿಮ್ಮದು. ಅಂತರ್ಜಲದ ವಿಜ್ಞಾನದಲ್ಲಿ ಆ ವರದಿಗೆ ಇಂದಿಗೂ ಗೌರವದ ಸ್ಥಾನವಿದೆ.

ಕುಲಪತಿಯ ಕುರ್ಚಿ

1887ರಲ್ಲಿ ಚೇಂಬರ್ಲಿನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ನಮ್ಮಲ್ಲಿ ಕುಲಪತಿ ಮಾಡುವ ಕೆಲಸವನ್ನು ಅಲ್ಲಿ ಅಧ್ಯಕ್ಷರು ಮಾಡುತ್ತಾರೆ. ಆಗ ಅದು ಇಂದಿನಂತೆ ಜಗತ್ಪ್ರಸಿದ್ಧ ಸಂಸ್ಥೆಯಲ್ಲ, ಕೆಲವು ನೂರು ವಿದ್ಯಾರ್ಥಿಗಳಿದ್ದ ಚಿಕ್ಕ ಸಂಸ್ಥೆ. ಹೆಚ್ಚಾಗಿ ಪಾಠ ಒಪ್ಪಿಸುವ ಕಾಲೇಜು. ಅದನ್ನು ಸಂಶೋಧನೆಯ ಜಾಗವಾಗಿಸುವುದು ಅವರ ಹಂಬಲ.

1889ರಲ್ಲಿ ಕಲೆ ಮತ್ತು ವಿಜ್ಞಾನ, ಎಂಜಿನಿಯರಿಂಗ್, ಕೃಷಿ, ಕಾನೂನು ಎಂದು ಬೇರೆ ಬೇರೆ ಕಾಲೇಜುಗಳಾಗಿ ವಿಶ್ವವಿದ್ಯಾಲಯದ ಮರುರಚನೆಯಾಯಿತು. ಪದವಿಯ ನಂತರವೂ ಓದುವವರಿಗೆ ಫೆಲೋಶಿಪ್ ಬಂತು. ಅಧ್ಯಾಪಕರು ಊರೂರಿಗೆ ಹೋಗಿ ಉಪನ್ಯಾಸ ಕೊಡುವ ಪದ್ಧತಿ ಶುರುವಾಯಿತು. ಆ ವಿಶ್ವವಿದ್ಯಾಲಯ ತನ್ನ ಮೊಟ್ಟಮೊದಲ ಪಿಎಚ್‌ಡಿ ಕೊಟ್ಟದ್ದು 1892ರಲ್ಲಿ, ಚಾರ್ಲ್ಸ್ ವ್ಯಾನ್ ಹೈಸ್ ಎಂಬವರಿಗೆ. ಅವರೂ ಭೂವಿಜ್ಞಾನಿಯೇ. 1903ರಲ್ಲಿ ಅವರೂ ಅದೇ ಕುರ್ಚಿಯಲ್ಲಿ ಕೂತರು. ವಿಶ್ವವಿದ್ಯಾಲಯದ ಗಡಿ ಎಂದರೆ ಇಡೀ ರಾಜ್ಯದ ಗಡಿ ಎಂಬ ವಿಚಾರವನ್ನು ಹೆಸರುವಾಸಿ ಮಾಡಿದವರು ಅವರೇ.

ಚೇಂಬರ್ಲಿನ್ ಅವಧಿಯಲ್ಲೇ ಅಲ್ಲಿನ ಕೃಷಿ ಪ್ರಯೋಗ ಕೇಂದ್ರದಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞರು ಹಾಲಿನ ಫ್ಯಾಟ್ ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದರು. ಅದು 1890ರಲ್ಲಿ. ಹಾಲಿಗೆ ಗಂಧಕಾಮ್ಲ ಸೇರಿಸಿ ಜೋರಾಗಿ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಸೀಸೆಯ ಕುತ್ತಿಗೆಗೆ ಬರುತ್ತದೆ. ಅಲ್ಲಿನ ಗೆರೆ ನೋಡಿ ಅಳತೆ ಹೇಳಬಹುದು. ನೀರು ಬೆರೆಸಿದವರಿಗೂ ಗಟ್ಟಿ ಹಾಲು ತಂದವರಿಗೂ ಒಂದೇ ದರ ಕೊಡುವ ಜಗಳ ಅದರಿಂದ ತಪ್ಪಿತು. ಬ್ಯಾಬ್‌ಕಾಕ್ ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇದು ಚೇಂಬರ್ಲಿನ್ ಮಾಡಿದ ಶೋಧವಲ್ಲ. ಆದರೆ ಸಂಶೋಧನೆಗೆ ಜಾಗ ಮಾಡಿಕೊಟ್ಟರೆ ಅದರ ಫಲ ಡೈರಿಯ ತನಕ ಹೇಗೆ ತಲುಪುತ್ತದೆ ಎನ್ನಲು ಒಳ್ಳೆಯ ಉದಾಹರಣೆ.

ಮದ್ದು: ಒಂದಲ್ಲ, ಹಲವು ಊಹೆ

1890ರಲ್ಲಿ, ಅಧ್ಯಕ್ಷರಾಗಿರುವಾಗಲೇ, ಸೈನ್ಸ್ ಪತ್ರಿಕೆಯಲ್ಲಿ ಚೇಂಬರ್ಲಿನ್ ಒಂದು ಲೇಖನ ಬರೆದರು. ಹಲವು ಊಹೆಗಳನ್ನು ಒಟ್ಟಿಗೆ ಇಟ್ಟುಕೊಂಡು ದುಡಿಯುವ ವಿಧಾನ ಎನ್ನುವುದು ಅದರ ವಿಷಯ. ಊಹೆ ಎಂದರೆ ಇಲ್ಲಿ ಸುಮ್ಮನೆ ಅಂದಾಜಲ್ಲ, ಸಾಕ್ಷ್ಯದೊಂದಿಗೆ ಪರೀಕ್ಷಿಸಿ ನೋಡಬಹುದಾದ ವಿವರಣೆ.

ಅವರ ವಾದದ ತಿರುಳು ಇಷ್ಟು. ಯಾವುದೋ ಸಂಗತಿ ಕಂಡಾಗ ಮನಸ್ಸು ಕೂಡಲೇ ಒಂದು ವಿವರಣೆ ಹುಟ್ಟಿಸುತ್ತದೆ. ಅದು ನಮ್ಮದೇ ಕೂಸು. ಹೆತ್ತವರಿಗೆ ಮಗುವಿನ ಮೇಲೆ ಇರುವಂತೆ ನಮಗೂ ಅದರ ಮೇಲೆ ಮಮತೆ. ಹೊಂದುವ ಸಾಕ್ಷ್ಯ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಹೊಂದದ ಸಾಕ್ಷ್ಯ ಕಾಣುವುದೇ ಇಲ್ಲ. ನಾವು ಬೇಕೆಂದು ಮೋಸ ಮಾಡುತ್ತಿಲ್ಲ. ಆದರೂ ನಮಗರಿವಿಲ್ಲದೆ ಸಂಗತಿಗಳನ್ನು ವಿವರಣೆಗೆ ತಕ್ಕಂತೆ ಒತ್ತಿ ಕೂರಿಸುತ್ತೇವೆ. ಸ್ವಲ್ಪ ದಿನಕ್ಕೆ ಆ ವಿವರಣೆ ದೊರೆಯಾಗಿ ನಮ್ಮನ್ನೇ ಆಳುತ್ತದೆ.

ಮಮತೆ ಬಿಟ್ಟುಬಿಡಿ ಎಂದು ಹೇಳಿದರೆ ಯಾರಿಗೂ ಆಗದು. ಅದಕ್ಕೆ ಚೇಂಬರ್ಲಿನ್ ಬೇರೆ ಉಪಾಯ ಹೇಳಿದರು: ಒಂದೇ ಮಗು ಬೇಡ, ಹಲವು ಮಕ್ಕಳಿರಲಿ. ಶುರುವಿನಲ್ಲೇ ಸಾಧ್ಯವಿರುವ ಎಲ್ಲ ವಿವರಣೆಗಳನ್ನೂ ಬರೆದಿಟ್ಟುಕೊಂಡರೆ ಮಮತೆ ಹಂಚಿಹೋಗುತ್ತದೆ, ಒಂದರ ಮೇಲೆ ಪಕ್ಷಪಾತ ಕಡಿಮೆಯಾಗುತ್ತದೆ. ಇನ್ನೊಂದು ಲಾಭವೂ ಇದೆ. ಪ್ರಕೃತಿಯಲ್ಲಿ ಬಹಳಷ್ಟು ಸಲ ಕಾರಣ ಒಂದೇ ಆಗಿರುವುದಿಲ್ಲ. ಅಮೆರಿಕದ ಮಹಾ ಸರೋವರಗಳನ್ನೇ ಅವರು ಉದಾಹರಣೆ ಕೊಟ್ಟರು. ಆ ತಗ್ಗುಗಳನ್ನು ಹಳೆಯ ನದಿಗಳು ಕೊರೆದವೇ, ಹಿಮ ಅಗೆಯಿತೇ, ಹಿಮದ ಭಾರಕ್ಕೆ ನೆಲ ಕುಸಿಯಿತೇ? ಒಂದನ್ನೇ ಹಿಡಿದು ಜಗಳವಾಡಿದರೆ ಉತ್ತರ ಸಿಗದು. ಮೂರೂ ಸೇರಿವೆ ಎಂದಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಯಾವುದರ ಪಾಲು ಎಷ್ಟು?

ಈ ವಿಧಾನದಲ್ಲಿ ತೊಂದರೆಯೂ ಇದೆ ಎಂದು ಅವರು ಒಪ್ಪಿಕೊಂಡಿದ್ದರು. ನಾಲ್ಕೈದು ಎಳೆಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ಅದನ್ನು ಮಾತಿನಲ್ಲಿ ಹೇಳುವುದು ಇನ್ನೂ ಕಷ್ಟ. ಒಂದೇ ಕಾರಣದ ಕಥೆ ಹೇಳುವುದೂ ಸುಲಭ, ಕೇಳುವುದೂ ಸುಲಭ. ಫಾರ್ವರ್ಡ್‌ಗಳು ಬೇಗ ಹರಡುವ ಗುಟ್ಟೂ ಇದೇ ಅಲ್ಲವೇ?

ಕುರ್ಚಿ ಬಿಟ್ಟು ಮತ್ತೆ ಕಲ್ಲಿನ ಕಡೆಗೆ

ಆಡಳಿತದ ಕೆಲಸ ದಿನವನ್ನೆಲ್ಲ ನುಂಗುತ್ತಿತ್ತು. ಹಿಮಯುಗದ ಪ್ರಶ್ನೆಗಳು ಹಾಗೇ ಉಳಿದಿದ್ದವು. ಅದೇ ಹೊತ್ತಿಗೆ ರಾಕ್‌ಫೆಲರ್ ಹಣದಿಂದ ಶಿಕಾಗೋ ವಿಶ್ವವಿದ್ಯಾಲಯ ಹೊಸದಾಗಿ ಏಳುತ್ತಿತ್ತು. ಅದರ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಭೂವಿಜ್ಞಾನ ವಿಭಾಗ ಕಟ್ಟಲು ಚೇಂಬರ್ಲಿನ್ ಅವರನ್ನು ಕರೆದರು. 1892ರಲ್ಲಿ, 49ನೇ ವಯಸ್ಸಿಗೆ ಕಾಲಿಡುತ್ತಿದ್ದ ಚೇಂಬರ್ಲಿನ್ ವಿಶ್ವವಿದ್ಯಾಲಯದ ಚುಕ್ಕಾಣಿ ಬಿಟ್ಟು ಒಂದು ವಿಭಾಗದ ಮುಖ್ಯಸ್ಥರಾಗಿ ಹೊರಟರು. ಹೊರಗಿನವರ ಕಣ್ಣಿಗೆ ಇದು ಮೆಟ್ಟಿಲಿಳಿದಂತೆ. ಆದರೆ ಅವರ ಅತಿ ದೊಡ್ಡ ಕೆಲಸಗಳು ಬಂದದ್ದು ಆಮೇಲೆಯೇ.

ಮರುವರ್ಷ, 1893ರಲ್ಲಿ, ಜರ್ನಲ್ ಆಫ್ ಜಿಯಾಲಜಿ ಎಂಬ ಪತ್ರಿಕೆ ಆರಂಭಿಸಿದರು. ಅದು ಇಂದಿಗೂ ಬರುತ್ತಿದೆ. 1894ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿ ಜೀವಂತ ಹಿಮನದಿಗಳ ಅಂಚನ್ನು ಕಣ್ಣಾರೆ ನೋಡಿ ಬಂದರು. ಒಡನಾಡಿ ರಾಲಿನ್ ಸಾಲಿಸ್ಬರಿ ಜೊತೆ ಬರೆದ ಮೂರು ಸಂಪುಟಗಳ ಭೂವಿಜ್ಞಾನ ಪಠ್ಯ 1904ರಿಂದ 1906ರ ನಡುವೆ ಪ್ರಕಟವಾಯಿತು.

ಹವಾಮಾನ ಬದಲಾವಣೆ ನಿನ್ನೆ ಮೊನ್ನೆ ಹುಟ್ಟಿದ ಕಥೆಯೇ?

ಕಾರ್ಬನ್ ಡೈಆಕ್ಸೈಡಿನಿಂದ ಭೂಮಿ ಬಿಸಿಯಾಗುತ್ತದೆ ಎನ್ನುವುದು ಇತ್ತೀಚೆಗೆ ಯಾರೋ ಕಟ್ಟಿದ ಕಥೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು. ಸ್ವೀಡನ್ನಿನ ಅರೇನಿಯಸ್ 1896ರಲ್ಲೇ ಇದರ ಲೆಕ್ಕ ಹಾಕಿದ್ದರು. ಮರುವರ್ಷದಿಂದಲೇ ಚೇಂಬರ್ಲಿನ್ ಈ ವಿಚಾರವನ್ನು ಹಿಮಯುಗಗಳಿಗೆ ಹೊಂದಿಸಿ ನೋಡತೊಡಗಿದರು.

ಅವರ ಪ್ರಶ್ನೆ ಹೀಗಿತ್ತು. ಭೂಮಿ ಮೊದಲು ಕೆಂಡದ ಉಂಡೆಯಾಗಿತ್ತು, ದಟ್ಟವಾದ ಬಿಸಿ ಗಾಳಿ ಸುತ್ತಿತ್ತು, ಅಲ್ಲಿಂದ ನಿಧಾನವಾಗಿ ತಣ್ಣಗಾಗುತ್ತಾ ಬಂತು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಹಾಗಿದ್ದರೆ ಹಿಂದೆ ಹೋದಷ್ಟೂ ಭೂಮಿ ಬೆಚ್ಚಗಿರಬೇಕು. ಆದರೆ ಭಾರತ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ಬಹಳ ಹಳೆಯ ಕಾಲದ ಹಿಮದ ಗುರುತುಗಳು ಸಿಕ್ಕಿದ್ದವು. ನಮ್ಮ ಒಡಿಶಾದ ತಾಲ್ಚೇರ್ ಕಲ್ಲಿದ್ದಲು ಸೀಮೆಯ ಗುಂಡುಕಲ್ಲಿನ ಪದರ ಅವುಗಳಲ್ಲೊಂದು. ಅದನ್ನು 1856ರಲ್ಲೇ ಹಿಮದ ಕೆಲಸವೆಂದು ಭೂವಿಜ್ಞಾನಿಗಳು ಗುರುತಿಸಿದ್ದರು. ಸುಡುವ ಒಡಿಶಾದಲ್ಲಿ ಪುರಾತನ ಹಿಮ! ಸುಮ್ಮನೆ ತಣ್ಣಗಾಗುತ್ತಾ ಬಂದ ಭೂಮಿಯ ಕಥೆಗೆ ಇದು ಹೊಂದುವುದಿಲ್ಲ.

ಹಾಗಾದರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಏರಿ ಇಳಿಯುತ್ತಿರಬಹುದೇ ಎಂದು ಚೇಂಬರ್ಲಿನ್ ಕೇಳಿದರು. ಪರ್ವತಗಳು ಎದ್ದು ಹೊಸ ಬಂಡೆ ಗಾಳಿಗೆ ತೆರೆದುಕೊಂಡಾಗ ಬಂಡೆ ಸವೆಯುವ ರಾಸಾಯನಿಕ ಕ್ರಿಯೆ ಆ ಅನಿಲವನ್ನು ಹೀರುತ್ತದೆ. ಆಗ ಭೂಮಿ ತಣಿಯುತ್ತದೆ. ತಣಿದ ಗಾಳಿಯಲ್ಲಿ ನೀರಾವಿ ಕಡಿಮೆಯಾಗುತ್ತದೆ. ನೀರಾವಿಯೂ ಬಿಸಿ ಹಿಡಿದಿಡುವ ಅನಿಲವಾದ್ದರಿಂದ ತಂಪು ಇನ್ನೂ ಹೆಚ್ಚುತ್ತದೆ. ಸಮುದ್ರವೂ ಈ ಅನಿಲವನ್ನು ಹೀರಿ ಬಿಡುತ್ತದೆ. ಗಾಳಿ, ಕಲ್ಲು, ಸಮುದ್ರ ಮೂರನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿ ನೋಡಿದ ಮೊದಲಿಗರಲ್ಲಿ ಅವರೊಬ್ಬರು.

ಅವರು ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಕಾರ್ಬನ್ ಡೈಆಕ್ಸೈಡಿಗೆ ಅಷ್ಟು ಶಕ್ತಿಯಿಲ್ಲ ಎಂದು ಬೇರೆಯವರ ಪ್ರಯೋಗಗಳು ತೋರಿಸಿದಂತೆ ಕಂಡಾಗ ಚೇಂಬರ್ಲಿನ್ ಕ್ರಮೇಣ ತಮ್ಮದೇ ಊಹೆಯನ್ನು ಅನುಮಾನಿಸಿದರು. ಆ ಪ್ರಯೋಗಗಳೇ ಅಪೂರ್ಣವಾಗಿದ್ದವು ಎಂದು 1950ರ ದಶಕದಲ್ಲಿ ಸ್ಪಷ್ಟವಾಯಿತು. ಇಲ್ಲಿ ಅವರು ಕೂಸನ್ನು ಸ್ವಲ್ಪ ಬೇಗನೆ ಕೈಬಿಟ್ಟರು ಎನ್ನಬೇಕು. ಆದರೂ ಸಾಕ್ಷ್ಯ ಎದುರಾದಾಗ ಹಟ ಹಿಡಿಯಲಿಲ್ಲ.

ಕೆಲ್ವಿನ್ ಲೆಕ್ಕಕ್ಕೆ ಸವಾಲು

ಆ ಕಾಲದ ಭೌತಶಾಸ್ತ್ರದ ದೊಡ್ಡ ಹೆಸರು ಬ್ರಿಟನ್ನಿನ ಲಾರ್ಡ್ ಕೆಲ್ವಿನ್. ಭೂಮಿ ಕರಗಿದ ಉಂಡೆಯಾಗಿದ್ದು ತಣ್ಣಗಾಗಲು ಎಷ್ಟು ಕಾಲ ಬೇಕು ಎಂದು ಲೆಕ್ಕ ಹಾಕಿ, ಭೂಮಿಯ ವಯಸ್ಸು 2ರಿಂದ 40 ಕೋಟಿ ವರ್ಷದ ನಡುವೆ ಎಂದು 1862ರಲ್ಲಿ ಹೇಳಿದ್ದರು. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿ ವರ್ಷಕ್ಕೆ ಇಳಿಸಿದರು. ಪದರ ಪದರವಾಗಿ ಕಲ್ಲು ಜಮೆಯಾದುದನ್ನು ನೋಡಿದ್ದ ಭೂವಿಜ್ಞಾನಿಗಳಿಗೆ ಇಷ್ಟು ಕಾಲ ಸಾಲದು ಎನಿಸುತ್ತಿತ್ತು. ಆದರೆ ಕೆಲ್ವಿನ್ ಗಣಿತದ ಮುಂದೆ ಬಾಯಿ ಬಿಡುವವರು ಕಡಿಮೆ.

1899ರಲ್ಲಿ ಚೇಂಬರ್ಲಿನ್ ಉತ್ತರ ಕೊಟ್ಟರು. ಗಣಿತದ ತಪ್ಪು ಹುಡುಕಲು ಅವರು ಹೋಗಲಿಲ್ಲ. ಗಣಿತ ಶುರುವಾಗುವ ಮುಂಚೆ ಒಪ್ಪಿಕೊಂಡ ಸಂಗತಿಗಳನ್ನು ಪ್ರಶ್ನಿಸಿದರು. ಭೂಮಿ ಕರಗಿದ ಉಂಡೆಯಾಗಿಯೇ ಶುರುವಾಯಿತು ಎನ್ನಲು ಸಾಕ್ಷಿ ಏನು? ಸೂರ್ಯನ ಶಾಖಕ್ಕೆ ಅದು ಕುಗ್ಗುವುದೊಂದೇ ಮೂಲ ಎನ್ನುವುದು ಹೇಗೆ ಗೊತ್ತು? ಪರಮಾಣುವಿನ ಒಳಗೆ ಏನಿದೆ ಎಂದು ನಮಗೆ ತಿಳಿದಿದೆಯೇ, ಅಲ್ಲಿ ಅಪಾರ ಶಕ್ತಿ ಅಡಗಿರಬಾರದೇಕೆ? ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಹಾಕಿದ ಕಾಳೇ ಹುಳುಕಾಗಿದ್ದರೆ ಹಿಟ್ಟು ಚೆನ್ನಾಗಿರುವುದಿಲ್ಲ.

ನಾಲ್ಕೇ ವರ್ಷದಲ್ಲಿ, 1903ರಲ್ಲಿ, ರೇಡಿಯಂ ಬಿಡದೆ ಶಾಖ ಸೂಸುತ್ತದೆ ಎಂದು ಪಿಯರ್ ಕ್ಯೂರಿ ಮತ್ತು ಸಂಗಡಿಗರು ತೋರಿಸಿದರು. ಸೂರ್ಯ ಬೆಳಗುವುದು ಪರಮಾಣು ಬೀಜಗಳ ಬೆಸುಗೆಯಿಂದ ಎಂದು 1930ರ ದಶಕದ ಕೊನೆಗೆ ಖಚಿತವಾಯಿತು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂಬುದು ಇಂದಿನ ಲೆಕ್ಕ. ಚೇಂಬರ್ಲಿನ್ ಭವಿಷ್ಯ ಹೇಳಿದವರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಳ್ಳಬೇಡಿ ಎಂದವರು, ಅಷ್ಟೇ.

ವೈದ್ಯರಿಗೇ ಕಾಯಿಲೆ?

ಹಿಮದಿಂದ ಗಾಳಿಗೆ, ಗಾಳಿಯಿಂದ ಭೂಮಿಯ ಹುಟ್ಟಿಗೆ ಅವರ ಪ್ರಶ್ನೆ ಬೆಳೆಯಿತು. ಸೂರ್ಯನೂ ಗ್ರಹಗಳೂ ತಿರುಗುವ ಒಂದೇ ಬಿಸಿ ಅನಿಲದ ಮೋಡದಿಂದ ಆದವು ಎನ್ನುವುದು ಲಾಪ್ಲಾಸ್ ಕಾಲದಿಂದ ಬಂದ ವಿವರಣೆ. ಚೇಂಬರ್ಲಿನ್ ಜೊತೆ ಸೇರಿದ ಖಗೋಳ ಗಣಿತಜ್ಞ ಫಾರೆಸ್ಟ್ ರೇ ಮೌಲ್ಟನ್ ಅದರಲ್ಲೊಂದು ದೊಡ್ಡ ತೊಡಕು ತೋರಿಸಿದರು. ಸೌರವ್ಯೂಹದ ಬಹುತೇಕ ಎಲ್ಲ ದ್ರವ್ಯ ಸೂರ್ಯನಲ್ಲಿದೆ, ಆದರೆ ಸುತ್ತುವ ಜೋರಿನ ಬಹುಪಾಲು ಗ್ರಹಗಳ ಬಳಿ ಇದೆ. ಒಂದೇ ಮೋಡ ಕುಗ್ಗಿದ್ದರೆ ಹೀಗಾಗಬಾರದಿತ್ತು.

1905ರ ಹೊತ್ತಿಗೆ ಇಬ್ಬರೂ ಬೇರೊಂದು ಚಿತ್ರ ಮುಂದಿಟ್ಟರು. ಬಹಳ ಹಿಂದೆ ಇನ್ನೊಂದು ನಕ್ಷತ್ರ ಸೂರ್ಯನ ಹತ್ತಿರ ಹಾದುಹೋಯಿತು. ಅದರ ಸೆಳೆತಕ್ಕೆ ಸೂರ್ಯನಿಂದ ದ್ರವ್ಯ ಹೊರಚಿಮ್ಮಿ, ತಣಿದು, ಸಣ್ಣ ಸಣ್ಣ ಘನ ತುಣುಕುಗಳಾಯಿತು. ಆ ತುಣುಕುಗಳು ಒಂದಕ್ಕೊಂದು ಅಂಟಿ ಬೆಳೆದು ಗ್ರಹಗಳಾದವು. ತುಣುಕುಗಳಿಗೆ ಅವರು ಪ್ಲಾನೆಟೆಸಿಮಲ್ ಎಂದು ಹೆಸರಿಟ್ಟರು.

ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ತುಣುಕು ಸೇರಿ ಗ್ರಹವಾಗುತ್ತದೆ ಎನ್ನುವುದು ಇಂದಿನ ವಿಜ್ಞಾನದಲ್ಲೂ ಉಳಿದಿದೆ, ಹೆಸರೂ ಅದೇ. ಆದರೆ ಹಾದುಹೋದ ನಕ್ಷತ್ರದ ಮಾತನ್ನು 1930ರ ದಶಕದಲ್ಲಿ ವಿಜ್ಞಾನಿಗಳು ಕೈಬಿಟ್ಟರು. ದೂರದರ್ಶಕದಲ್ಲಿ ಕಂಡ ಸುರುಳಿ ಮೋಡಗಳು ಇಂಥ ಘಟನೆಯ ಚಿತ್ರಗಳಂತೆ ಇಬ್ಬರಿಗೂ ಮೊದಲು ತೋರಿದ್ದವು. ಅವು ನಮ್ಮದರಂಥ ಬೇರೆ ಗೆಲಾಕ್ಸಿಗಳು ಎಂದು 1920ರ ದಶಕದಲ್ಲಿ ಹಬಲ್ ಸಾಧಿಸಿದರು.

ಚೇಂಬರ್ಲಿನ್ ಮಾತ್ರ ನಕ್ಷತ್ರದ ವಿವರಣೆಯನ್ನು ಬಿಡಲಿಲ್ಲ. 1916ರ ಪುಸ್ತಕದಲ್ಲೂ ಅದೇ, 1928ರ ಕೊನೆಯ ಪುಸ್ತಕದಲ್ಲೂ ಅದೇ. ಕಾರ್ಬನ್ ಡೈಆಕ್ಸೈಡಿನ ಊಹೆಯನ್ನು ಅನುಮಾನಿಸಲು ಸಾಧ್ಯವಾದವರಿಗೆ ಈ ಕೂಸಿನ ವಿಷಯದಲ್ಲಿ ಆಗಲಿಲ್ಲ. ಖಂಡಗಳೂ ಸಾಗರಗಳೂ ಮೊದಲಿನಿಂದ ಇದ್ದಲ್ಲೇ ಇವೆ ಎಂಬುದೂ ಅವರ ಭೂಮಿಯ ಚಿತ್ರದ ಭಾಗವಾಗಿತ್ತು. ಖಂಡಗಳು ಸರಿಯುತ್ತವೆ ಎಂದು ಜರ್ಮನಿಯ ವೆಗನರ್ ಹೇಳಿದಾಗ ಅದನ್ನು ಕಟುವಾಗಿ ಟೀಕಿಸಿದವರಲ್ಲಿ ಚೇಂಬರ್ಲಿನ್ ಮಗ, ಭೂವಿಜ್ಞಾನಿ ರಾಲಿನ್ ಚೇಂಬರ್ಲಿನ್ ಮುಂಚೂಣಿಯಲ್ಲಿದ್ದರು. ತಾಲ್ಚೇರ್ ಹಿಮಕ್ಕೆ ಇಂದು ಕೊಡುವ ಉತ್ತರದಲ್ಲಿ ಖಂಡಗಳ ಚಲನೆಯದೇ ದೊಡ್ಡ ಪಾಲು. ಆಗ ಭಾರತ ದಕ್ಷಿಣ ಧ್ರುವದ ಕಡೆಗಿತ್ತು.

ಚೇಂಬರ್ಲಿನ್ ಅವರನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ನಮ್ಮ ಊಹೆಯ ಮೇಲಿನ ಮಮತೆ ಎಷ್ಟು ಬಲವಾದದ್ದು ಎಂದರೆ, ಅದನ್ನು ಪತ್ತೆಹಚ್ಚಿದವರಿಗೂ ಅದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಬುದ್ಧಿವಂತರು, ಓದಿದವರು, ಪದವಿಯಲ್ಲಿರುವವರು ಸುಳ್ಳಿಗೆ ಬೀಳುವುದಿಲ್ಲ ಎಂಬ ನಂಬಿಕೆಯೂ ಒಂದು ಮಿಥ್ಯೆಯೇ.

ಕೊನೆಯ ವರ್ಷಗಳು

1918ರಲ್ಲಿ ಚೇಂಬರ್ಲಿನ್ ಶಿಕಾಗೋದಿಂದ ನಿವೃತ್ತರಾದರು. ಬರೆಯುವುದು ನಿಲ್ಲಲಿಲ್ಲ. 1927ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘ ಪೆನ್‌ರೋಸ್ ಪದಕ ಆರಂಭಿಸಿದಾಗ ಮೊದಲ ಪದಕ ಅವರಿಗೇ ಸಂದಿತು. 1928ರ ನವೆಂಬರ್ 15ರಂದು, 85ನೇ ವಯಸ್ಸಿನಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. 1890ರ ಆ ಲೇಖನವನ್ನು ಸೈನ್ಸ್ ಪತ್ರಿಕೆ 75 ವರ್ಷ ಕಳೆದ ಮೇಲೆ, 1965ರಲ್ಲಿ, ಮತ್ತೆ ಅಚ್ಚು ಹಾಕಿತು. ಭೂವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಈಗಲೂ ಓದುತ್ತಾರೆ.

ಮತ್ತೆ ಆ ಸತ್ತ ಮೀನಿಗೆ ಬರೋಣ

ಟವರಿನ ಮಾತನ್ನು ಓದಿದೊಡನೆ ನಗಾಡಿ ತಳ್ಳಿಹಾಕಿ ಎಂದು ಚೇಂಬರ್ಲಿನ್ ವಿಧಾನ ಹೇಳುವುದಿಲ್ಲ. ಅದೂ ಸಾಲಿನಲ್ಲಿ ನಿಲ್ಲಲಿ, ಆದರೆ ಒಂಟಿಯಾಗಿ ಅಲ್ಲ. ಫಾರ್ವರ್ಡ್ ಮಾಡುವ ಮುನ್ನ ಹೀಗೆ ಮಾಡಿ:

1. ಈ ಸಂಗತಿಗೆ ಇನ್ನೂ ಕನಿಷ್ಠ ಮೂರು ಕಾರಣಗಳನ್ನು ನೀವೇ ಯೋಚಿಸಿ. ಚರಂಡಿ ನೀರು, ಪಾಚಿ, ಬಿಸಿಲು, ವಿಷ.

2. ಹೇಳಿದ ಕಾರಣ ನಿಜವಾದರೆ ಇನ್ನೇನು ಕಾಣಬೇಕಿತ್ತು ಎಂದು ಕೇಳಿ. ಟವರಿನಿಂದ ಮೀನು ಸಾಯುವುದಾದರೆ ಟವರ್ ಪಕ್ಕದ ಎಲ್ಲ ಕೆರೆಗಳಲ್ಲೂ ಸಾಯಬೇಕಿತ್ತು. ಸಾಯುತ್ತಿವೆಯೇ?

3. ಒಂದಕ್ಕಿಂತ ಹೆಚ್ಚು ಕಾರಣ ಸೇರಿರಬಹುದೇ ನೋಡಿ.

4. ಕಥೆ ಶುರುವಾಗುವ ಮುಂಚೆ ಒಪ್ಪಿಕೊಂಡದ್ದನ್ನೂ ಪರೀಕ್ಷಿಸಿ. ಫೋಟೊ ನಿಜಕ್ಕೂ ಆ ಕೆರೆಯದ್ದೇ, ಈ ವರ್ಷದ್ದೇ?

5. ಈ ಮಾತು ನಿಮಗೆ ತುಂಬಾ ಇಷ್ಟವಾಯಿತೇ, ನಿಮ್ಮ ಅನಿಸಿಕೆಗೆ ಸರಿಯಾಗಿ ಹೊಂದಿತೇ? ಹಾಗಾದರೆ ಇನ್ನೂ ಒಂದು ಸಲ ನೋಡಿ.

ಇದಕ್ಕೆ ಎರಡು ನಿಮಿಷ ಸಾಕು. ಉತ್ತರ ಸಿಗದಿದ್ದರೆ ಕಳುಹಿಸದೆ ಸುಮ್ಮನಿರಬಹುದು. ಕಳುಹಿಸಿದರೆ ಏನಾಗುತ್ತದೆ ಎಂಬುದನ್ನೂ ನೆನೆಯಿರಿ. ಊರವರು ಟವರಿನ ಮುಂದೆ ಜಗಳಕ್ಕೆ ನಿಂತಿರುವಾಗ, ಮೀನನ್ನು ನಿಜವಾಗಿ ಕೊಂದ ಕೊಳಚೆ ನೀರು ಕೆರೆಗೆ ಹಾಗೇ ಹರಿಯುತ್ತಿರುತ್ತದೆ.